ವಿಂಡೋಸ್ 11ರ ಆಕ್ಟಿವೇಶನ್ ಟ್ರಬಲ್‌ಶೂಟರ್: ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಇಲ್ಲ

ಹೊಸದಾಗಿ ಇನ್‌ಸ್ಟಾಲ್ ಮಾಡಿದ ವಿಂಡೋಸ್ ಆಕ್ಟಿವೇಟ್ ಆಗದಿದ್ದರೆ, ಅಂದರೆ ಅದರ ಲೈಸೆನ್ಸ್ ದೃಢಪಡದಿದ್ದರೆ, ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಶನ್‌ನಲ್ಲಿ ಟ್ರಬಲ್‌ಶೂಟ್ ಬಟನ್ ಕಾಣಿಸುತ್ತದೆ. ಮದರ್‌ಬೋರ್ಡ್ ಬದಲಿಸಿದವರಿಗೆ ಇದು ನಿಜಕ್ಕೂ ಉಪಯುಕ್ತ. ಹಾರ್ಡ್‌ವೇರ್ ಇತ್ತೀಚೆಗೆ ಬದಲಾಗಿದೆ ಎಂಬ ಆಯ್ಕೆ ಒತ್ತಿ, ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ, ಪಟ್ಟಿಯಲ್ಲಿ ನಿಮ್ಮ ಕಂಪ್ಯೂಟರಿನ ಹೆಸರು ಆರಿಸಿ. ಆದರೆ ಹಳೆಯ ಬೋರ್ಡ್ ಕೆಲಸ ಮಾಡುತ್ತಿದ್ದಾಗಲೇ ಲೈಸೆನ್ಸನ್ನು ಆ ಖಾತೆಗೆ ಜೋಡಿಸಿರಬೇಕು. ಬೋರ್ಡ್ ಸುಟ್ಟ ಮೇಲೆ ಹೀಗೆ ಜೋಡಿಸಲು ದಾರಿಯಿಲ್ಲ. ಈ ಎಚ್ಚರಿಕೆ ಇನ್‌ಸ್ಟಾಲ್ ಸಮಯದಲ್ಲೇ ಸಿಗದಿರುವುದು ದೊಡ್ಡ ಕೊರತೆ. ಲ್ಯಾಪ್‌ಟಾಪ್ ಜೊತೆ ಬಂದ ಒಇಎಂ ಲೈಸೆನ್ಸ್ ಬೇರೆ ಯಂತ್ರಕ್ಕಂತೂ ಹೋಗುವುದಿಲ್ಲ.

ಹೋಮ್, ಪ್ರೊ ಎಂಬ ಎಡಿಶನ್‌ಗಳ ಗೊಂದಲ ಇನ್ನೂ ಸಾಮಾನ್ಯ. ಬಯೋಸ್‌ನಲ್ಲಿ (ಮದರ್‌ಬೋರ್ಡಿನಲ್ಲೇ ಇರುವ ತಂತ್ರಾಂಶ) ಹೋಮ್ ಕೀ, ಅಂದರೆ ಲೈಸೆನ್ಸ್ ಸಂಕೇತ, ಇರುವ ಲ್ಯಾಪ್‌ಟಾಪಿಗೆ ಪ್ರೊ ಹಾಕಿದ್ದರೆ, ಹೋಮ್ ಮತ್ತೆ ಇನ್‌ಸ್ಟಾಲ್ ಮಾಡಿ ಅಥವಾ ಪ್ರೊ ಲೈಸೆನ್ಸ್ ಕೊಳ್ಳಿ.

ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಕೀ ಕೊಂಡಿದ್ದೀರಾ? ಆಕ್ಟಿವೇಶನ್ ಪುಟದಲ್ಲಿ ಹಸಿರು ಟಿಕ್ ನೋಡಿ ಸುಮ್ಮನಾಗಬೇಡಿ. ವಿಂಡೋಸ್ ಮತ್ತು ಆರ್ ಕೀಲಿ ಒಟ್ಟಿಗೆ ಒತ್ತಿ, ಇಂಗ್ಲಿಷ್‌ನಲ್ಲಿ ‘ಎಸ್‌ಎಲ್‌ಎಂಜಿಆರ್’, ಒಂದು ಸ್ಪೇಸ್, ಸ್ಲ್ಯಾಶ್, ‘ಡಿಎಲ್‌ಐ’ ಟೈಪ್ ಮಾಡಿ. ‘ವಾಲ್ಯೂಮ್ ಕೆಎಂಎಸ್ ಕ್ಲೈಂಟ್’ ಎಂದು ಬಂದರೆ ಅದು ಸಂಸ್ಥೆಗಳ ಲೈಸೆನ್ಸ್. 180 ದಿನಗಳೊಳಗೆ ಆ ಸಂಸ್ಥೆಯ ಸರ್ವರ್ ಸಿಗದಿದ್ದರೆ ಆಕ್ಟಿವೇಶನ್ ಹೋಗುತ್ತದೆ. ಮಾರಿದವರಿಂದ ಕೂಡಲೇ ಹಣ ವಾಪಸ್ ಕೇಳಿ.