ಹೆರಿಗೆ ದಿನಾಂಕ ಹೇಳುವ ಆ್ಯಪ್: ಬಳಸಿದ ಮೇಲೆ ಅನಿಸಿದ್ದು

ಈ ಆ್ಯಪ್‌ನಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಒಂದು ಚಿಕ್ಕ ಪ್ರಶ್ನೆ: ನಿಮಗೆ ಎಷ್ಟು ದಿನಕ್ಕೊಮ್ಮೆ ಮುಟ್ಟಾಗುತ್ತದೆ? ಮಾಮೂಲಿ ಲೆಕ್ಕದಲ್ಲಿ ಕೊನೆಯ ಮುಟ್ಟಿನ ಮೊದಲ ದಿನಕ್ಕೆ 280 ದಿನ ಸೇರಿಸುತ್ತಾರೆ. 28 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಅದು ಸರಿ. ನನಗೆ 35 ದಿನಕ್ಕೊಮ್ಮೆ. ಅಂಡ ಬಿಡುಗಡೆಯೇ ಸುಮಾರು ಒಂದು ವಾರ ತಡ, ಹಾಗಾಗಿ ಹೆರಿಗೆಯ ದಿನಾಂಕವೂ ಅಷ್ಟು ಮುಂದೆ ಹೋಗಬೇಕು ಅಲ್ವಾ? ಇದು ಹಾಗೇ ತೋರಿಸಿತು. ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನ್ ಕೂಡ ಹೆಚ್ಚುಕಡಿಮೆ ಅದನ್ನೇ ಹೇಳಿತು.

ಆದರೆ ಸ್ಕ್ಯಾನ್ ಕೊಟ್ಟ ದಿನಾಂಕವನ್ನು ತುಂಬಲು ಇದರಲ್ಲಿ ಜಾಗವೇ ಇಲ್ಲ. ಇದು ದೊಡ್ಡ ಕೊರತೆ. ಮಗುವಿನ ಉದ್ದ ಅಳೆದು ಹೇಳುವ ಆ ಲೆಕ್ಕವನ್ನೇ ವೈದ್ಯರು ಜಾಸ್ತಿ ನಂಬುವುದು. ಮುಟ್ಟಾದ ದಿನ ನೆನಪಿಲ್ಲದವರು ಏನು ಮಾಡಬೇಕು?

ವಾರವಾರದ ಪುಟಗಳು ಚೆನ್ನಾಗಿವೆ. 13ನೇ ವಾರದವರೆಗೆ ಮೊದಲ ಹಂತ, 27ರವರೆಗೆ ಎರಡನೆಯದು, ಆಮೇಲೆ ಮೂರನೆಯದು. ಮಗು ಅಲುಗಾಡುವುದು ಸಾಮಾನ್ಯವಾಗಿ 16ರಿಂದ 24ನೇ ವಾರದೊಳಗೆ ಗೊತ್ತಾಗುತ್ತದೆ ಎಂದು ಓದಿದಾಗ ನನ್ನ ಆತಂಕ ಎಷ್ಟೋ ಇಳಿಯಿತು.

ಮುಖಪುಟದಲ್ಲಿ ಒಂದೇ ದಿನಾಂಕದ ಬದಲು 37ರಿಂದ 42ನೇ ವಾರದವರೆಗಿನ ಅವಧಿ ತೋರಿಸಲಿ. ಸದ್ಯಕ್ಕೆ ಐದಕ್ಕೆ ಮೂರು ನಕ್ಷತ್ರ.