ಎಂ.ಜಿ. ಟಿ.ಡಿ. ಇಟ್ಟುಕೊಂಡಿರೋರು ಓದಿ: ಸ್ಪ್ಯಾನರ್ ಕೂತಿತು ಅಂತ ಬೋಲ್ಟ್ ತಗೋಬೇಡಿ

ಮೊದಲೇ ಹೇಳಿಬಿಡ್ತೀನಿ, ಬೋಲ್ಟ್ ಮಾರಿದವನ ಹೆಸರು ಹಾಕಲ್ಲ, ಕೇಳಬೇಡಿ. ಈ ವಯಸ್ಸಲ್ಲಿ ಕೋರ್ಟು ಕಚೇರಿ ಅಲೆಯೋ ಶಕ್ತಿ ನನಗಿಲ್ಲ. ಬೆಂಗಳೂರಿನವನು, ಹಳೇ ಇಂಗ್ಲಿಷ್ ಕಾರುಗಳ ಸಾಮಾನು ಮಾರ್ತಾನೆ, ಬೆಣ್ಣೆಯಂಥ ಮಾತು. ಇಷ್ಟು ಸಾಕು.

ನಮ್ಮ ಮಾವನವರ ಕಾಲದ 1951ರ ಎಂ.ಜಿ. ಟಿ.ಡಿ. ಕಾರು ಮನೇಲಿದೆ. ಸಂಪ್‌ನಿಂದ (ಇಂಜಿನ್ ಅಡಿಯ ಆಯಿಲ್ ತೊಟ್ಟಿ) ಆಯಿಲ್ ತೊಟ್ಟಿಕ್ಕುತ್ತಿತ್ತು. ಇಳಿಸಿ ನೋಡಿದರೆ ಕೆಲವು ಬೋಲ್ಟುಗಳೇ ಇಲ್ಲ, ಇರೋದರಲ್ಲಿ ಕೆಲವಕ್ಕೆ ತಲೆ ಸವೆದು ಗೋಲಿ ಥರ ಆಗಿದೆ. ಹೇಗೂ ಗ್ಯಾಸ್ಕೆಟ್ ಹೊಸದು, ಬೋಲ್ಟೂ ಪೂರ್ತಿ ಸೆಟ್ ಹೊಸದೇ ಹಾಕೋಣ ಅಂತ ಇವನಿಗೆ ಫೋನ್ ಮಾಡಿದೆ.

"ಸಾರ್, ಕಣ್ಣು ಮುಚ್ಚಿಕೊಂಡು ತಗೊಳ್ಳಿ. ಇಂಗ್ಲಿಷ್ ಗಾಡಿ, ಐವತ್ತೊಂದರ ಮಾಡೆಲ್, ಅಂದ್ರೆ 5/16 ಬಿ.ಎಸ್.ಎಫ್. ಬೇರೆ ಮಾತೇ ಇಲ್ಲ." (ಬಿ.ಎಸ್.ಎಫ್. ಅಂದರೆ ಇಂಗ್ಲಿಷರ ಇಂಚಿನ ಲೆಕ್ಕದ ಫೈನ್ ಥ್ರೆಡ್.)

"ಇಂಜಿನ್‌ಗೂ ಅದೇನಾ?" ಅಂದೆ. ಕೇಳಿದೆ ನಾನು! ಕೇಳಲಿಲ್ಲ ಅಂತ ಯಾರೂ ಅನ್ನಬಾರದು.

"ನಿಮ್ಮ ಹಳೇ ಬೋಲ್ಟಿಗೆ ಯಾವ ಸ್ಪ್ಯಾನರ್ ಕೂರುತ್ತೆ ನೋಡಿ ಹೇಳಿ."

ನೋಡಿದೆ. ಕಾಲಿಂಚು ವಿಟ್‌ವರ್ತ್ (ಇಂಗ್ಲಿಷರ ಹಳೇ ಬೋಲ್ಟ್ ಅಳತೆ) ಅಂತ ಬರೆದಿರೋ ಸ್ಪ್ಯಾನರ್ ಗಟ್ಟಿಯಾಗಿ ಕೂತಿತು. "ಹಾಂ, ಅದು 5/16 ಬಿ.ಎಸ್.ಎಫ್. ತಲೇನೇ ಸಾರ್. ಮುಗೀತಲ್ಲ?" ಅಂದ. ಅವನು ಹೇಳಿದ್ದು ಸುಳ್ಳಲ್ಲ, ಆ ಎರಡಕ್ಕೂ ತಲೆ ಒಂದೇ ಅಳತೆ, 0.525 ಇಂಚು. ನಾನೂ ದೊಡ್ಡ ಬುದ್ಧಿವಂತನ ಥರ ವರ್ನಿಯರ್ ತಗೊಂಡು ಬೋಲ್ಟ್ ಅಳೆದೆ. 7.9 ಮಿ.ಮೀ. 5/16 ಇಂಚು ಅಂದರೆ 7.94. ಸರಿಯಾಗಿದೆಯಲ್ಲ ಅಂತ ಆವತ್ತೇ 4,800 ರೂಪಾಯಿ ಹಾಕಿದೆ.

ಈಗ ನಾಚಿಕೆಯ ವಿಷಯ. ನಾನು ಇಪ್ಪತ್ತಾರು ವರ್ಷ ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡಿದವನು. ವಿಟ್‌ವರ್ತ್ ಥ್ರೆಡ್ 55 ಡಿಗ್ರಿ, ಮೆಟ್ರಿಕ್ 60 ಡಿಗ್ರಿ, ವ್ಯಾಸ ಒಂದೇ ಆದರೂ ಪಿಚ್ (ಒಂದು ಥ್ರೆಡ್‌ನಿಂದ ಪಕ್ಕದ್ದಕ್ಕಿರೋ ದೂರ) ನೋಡದೆ ಬೋಲ್ಟ್ ಹಾಕಬೇಡ್ರೋ ಅಂತ ಬೋರ್ಡ್ ಮೇಲೆ ಸೀಮೆಸುಣ್ಣ ಸವೆಸಿದವನು. ಪಿಚ್ ಗೇಜ್ ನನ್ನ ಟೇಬಲ್ ಡ್ರಾಯರ್‌ನಲ್ಲೇ ಇತ್ತು. ಡ್ರಾಯರ್ ತೆಗೆಯಲಿಲ್ಲ. ಯಾಕೆ ಅಂದರೆ ಅವನು ಅಷ್ಟು ಧೈರ್ಯವಾಗಿ ಹೇಳಿದ.

ಬೋಲ್ಟ್ ಬಂತು. ನೋಡೋಕೆ ಚೆನ್ನಾಗಿತ್ತು, ಕಪ್ಪು ಫಿನಿಷ್, ಡಬ್ಬದ ಮೇಲೆ ಚೀಟಿ ಬೇರೆ. ನಮ್ಮ ಮೆಕ್ಯಾನಿಕ್ ಹತ್ತಿರ ಇರೋ ಹುಡುಗ ಗಾಡಿ ಅಡಿ ಮಲಗಿದ್ದ. "ಸಾರ್, ಎರಡು ಸುತ್ತು ಹೋಗಿ ನಿಂತ್ಕೊಳ್ತಿದೆ" ಅಂದ. ಅವನಿಗೆ ಹತ್ತೊಂಬತ್ತು ವರ್ಷ. ನಾನು ಅವನನ್ನ ಬಿಟ್ಟು ವ್ಯಾಪಾರಿಗೆ ಫೋನ್ ಮಾಡಿದೆ.

"ಎಪ್ಪತ್ತು ವರ್ಷದ ಥ್ರೆಡ್ ಸಾರ್, ಕೊಳೆ ಕೂತಿರುತ್ತೆ. ಎಣ್ಣೆ ಬಿಟ್ಟು ತಿರುಗಿಸಿ, ದಾರಿ ಮಾಡ್ಕೊಂಡು ಹೋಗುತ್ತೆ."

ದಾರಿ ಮಾಡ್ಕೊಂಡು ಹೋಯ್ತು. ಇಂಜಿನ್ ಬ್ಲಾಕ್‌ನ ಥ್ರೆಡ್ ಕಿತ್ತುಕೊಂಡು ಹೋಯ್ತು. ಎರಡು ತೂತು ಹುಡುಗ ನನ್ನ ಮಾತು ಕೇಳಿ ಹಾಳು ಮಾಡಿದ, ಮೂರನೇದು ರಾಚೆಟ್ ಕಿತ್ತುಕೊಂಡು ನಾನೇ ಮಾಡಿದೆ. ಬೋಲ್ಟ್ ಬಿಚ್ಚಿದಾಗ ಅದರ ಥ್ರೆಡ್ ಒಳಗೆ ಎರಕದ ಪುಡಿ ಮಿನುಗುತ್ತಿತ್ತು. ಹೊಟ್ಟೆಯೊಳಗೆ ಏನೋ ಜಾರಿದ ಹಾಗಾಯ್ತು. ಹುಡುಗ ಏನೂ ಹೇಳಲಿಲ್ಲ, ಅದೇ ಇನ್ನೂ ಕಷ್ಟ.

ಆಮೇಲೆ ಡ್ರಾಯರ್ ತೆಗೆದೆ. ಹಳೇ ಬೋಲ್ಟಿಗೆ ಗೇಜ್ ಇಟ್ಟೆ. 1 ಮಿ.ಮೀ. ಪಿಚ್. 8 ಮಿ.ಮೀ. ಬೋಲ್ಟು. ಇಂಗ್ಲಿಷ್ ಗಾಡಿಯಲ್ಲಿ ಮೆಟ್ರಿಕ್!

ಇದು ಗುಟ್ಟೇನಲ್ಲ. ಟಿ.ಡಿ.ಯಲ್ಲಿರೋದು 1250 ಸಿ.ಸಿ. ಎಕ್ಸ್‌ಪಿಎಜಿ ಇಂಜಿನ್, ಮೋರಿಸ್ ಕಂಪನಿಯ ಬಳುವಳಿ. ಮೋರಿಸ್ 1923ರಲ್ಲಿ ಕೊವೆಂಟ್ರಿಯಲ್ಲಿದ್ದ ಹಾಚ್ಕಿಸ್ ಕಾರ್ಖಾನೆ ಕೊಂಡುಕೊಂಡಿತು. ಹಾಚ್ಕಿಸ್ ಫ್ರೆಂಚ್ ಕಂಪನಿ, ಮೊದಲ ಮಹಾಯುದ್ಧದ ಹೊತ್ತಲ್ಲಿ ಇಂಗ್ಲೆಂಡಿಗೆ ಬಂದದ್ದು, ಅದರ ಯಂತ್ರಗಳೆಲ್ಲ ಮೆಟ್ರಿಕ್. ಥ್ರೆಡ್ ಹಾಗೇ ಮೆಟ್ರಿಕ್ ಬಿಟ್ಟು, ಇಂಗ್ಲಿಷ್ ಮೆಕ್ಯಾನಿಕ್‌ಗಳ ಸ್ಪ್ಯಾನರ್ ಕೂರಲಿ ಅಂತ ತಲೆ ಮಾತ್ರ ವಿಟ್‌ವರ್ತ್ ಅಳತೆಗೆ ಮಾಡಿದರು. ತಲೆ ಇಂಗ್ಲಿಷ್, ಮೈ ಫ್ರೆಂಚ್. ಅವನ ಸ್ಪ್ಯಾನರ್ ಪರೀಕ್ಷೆಯಲ್ಲಿ ನಾನು ಪಾಸಾಗಿದ್ದು ಇದೇ ಕಾರಣಕ್ಕೆ. ಅದೇ ಗಾಡಿಯ ಚಾಸಿಗೆ ಬಿ.ಎಸ್.ಎಫ್., ಲೂಕಾಸ್ ಕರೆಂಟ್ ಸಾಮಾನಿಗೆ ಬಿ.ಎ. ಅನ್ನೋ ಇನ್ನೊಂದು ಥ್ರೆಡ್‌ನ ಸಣ್ಣ ಸ್ಕ್ರೂ. ಒಂದೇ ಕಾರಲ್ಲಿ ಮೂರು ಸಂಸಾರ. ಇದನ್ನೇ ಹೊಟ್ಟೆಪಾಡು ಮಾಡ್ಕೊಂಡಿರೋನಿಗೆ ಇಷ್ಟೂ ಗೊತ್ತಿರಬಾರದಾ?

ಫೋಟೋ ತೆಗೆದು ಕಳಿಸಿದೆ. ಬಂದ ಉತ್ತರಗಳು, ಒಂದರ ಹಿಂದೆ ಒಂದು:

"ಇಂಗ್ಲಿಷ್ ಗಾಡಿಗೆ ಫ್ರೆಂಚ್ ಥ್ರೆಡ್ಡಾ? ಯಾರೋ ನಿಮಗೆ ತಮಾಷೆ ಮಾಡಿದ್ದಾರೆ ಸಾರ್."

"ನಿಮ್ಮ ಹುಡುಗನಿಗೆ ಕೈ ಕುದುರಿಲ್ಲ."

"ಫಿಟ್ ಮಾಡಿದ ಮಾಲು ವಾಪಸ್ ಇಲ್ಲ ಸಾರ್, ಬಿಲ್ ಹಿಂದೆ ಬರೆದಿದೆ ನೋಡಿ." (ಬಿಲ್ಲೇ ಕೊಟ್ಟಿಲ್ಲ.)

"ಬೇಕಿದ್ದರೆ ಯು.ಎನ್.ಎಫ್. ಸೆಟ್ ಕಳಿಸ್ತೀನಿ, ಬರೀ ಕೊರಿಯರ್ ಚಾರ್ಜ್ ಕೊಡಿ."

ಯು.ಎನ್.ಎಫ್.! ಅಮೆರಿಕ, ಬ್ರಿಟನ್, ಕೆನಡಾ ಸೇರಿ ಒಪ್ಪಿಕೊಂಡ ಥ್ರೆಡ್ ಅದು, ಆಮೇಲಿನ ಗಾಡಿಗಳಲ್ಲಿ ತುಂಬಿಕೊಂಡಿದೆ. ಈ ಇಂಜಿನ್‌ಗೂ ಅದಕ್ಕೂ ಸಂಬಂಧವಿಲ್ಲ. ಅವನ ಹತ್ತಿರ ಏನಿದೆಯೋ ಅದೇ ನನ್ನ ಗಾಡಿಗೆ ಸರಿಯಾದ ಥ್ರೆಡ್, ಅಷ್ಟೇ ಅವನ ಲೆಕ್ಕ. ಹಾಗೆಂದು ಬರೆದೆ. ಎರಡು ನೀಲಿ ಟಿಕ್ ಬಂತು. ಮಾರನೇ ದಿನ ನನ್ನ ನಂಬರ್ ಬ್ಲಾಕ್.

ಲೇತ್‌ನವರು ಮೂರು ದಿನ ಗಾಡಿ ಅಡಿ ಮಲಗಿ, ಹಾಳಾದ ತೂತು ಕೊರೆದು, ಟ್ಯಾಪ್ ಹೊಡೆದು, ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡೋ ತಂತಿ ಸುರುಳಿ) ಕೂರಿಸಿ ಕೊಟ್ಟರು. ತಲೆ ಮೇಲಕ್ಕೆತ್ತಿ ಡ್ರಿಲ್ ನೇರ ಹಿಡಿಯೋದು ಆಟವಲ್ಲ, ಅವರು ಕೇಳಿದ್ದು 2,700, ನಾನು ಮೂರು ಸಾವಿರ ಕೊಟ್ಟೆ. ಬೋಲ್ಟ್ ಎಲ್ಲಿ ಸಿಕ್ಕಿತು ಗೊತ್ತಾ? ನಮ್ಮೂರ ಹಾರ್ಡ್‌ವೇರ್ ಅಂಗಡೀಲಿ. "ಎಂಟು ಎಂ.ಎಂ., ಒಂದು ಪಿಚ್, ಫೈನ್ ಥ್ರೆಡ್" ಅಂತ ಕೇಳಿದೆ, ಒಳಗೆ ಹೋಗಿ ಹುಡುಕಿ ತಂದುಕೊಟ್ಟರು. ತಲೆ 13ರ ಸ್ಪ್ಯಾನರಿಂದು, ಒರಿಜಿನಲ್ ಥರ ಕಾಣಲ್ಲ, ಕಾರ್ ಶೋನಲ್ಲಿ ಯಾರಾದರೂ ಅಡಿ ಬಗ್ಗಿ ನೋಡಿದರೆ ನಗಲಿ. ಇಡೀ ಸೆಟ್ಟಿಗೆ 400 ರೂಪಾಯಿ ಆಗಲಿಲ್ಲ.

ಗೇಜ್ ಇಲ್ಲದಿದ್ದರೆ ಮಕ್ಕಳ ಸ್ಕೇಲ್ ಸಾಕು. ಬೋಲ್ಟ್ ಮೇಲೆ ಹತ್ತು ಥ್ರೆಡ್ ಎಣಿಸಿ ಅಳೆಯಿರಿ. ಹತ್ತಕ್ಕೆ 10 ಮಿ.ಮೀ. ಬಂದರೆ ಈ ಫ್ರೆಂಚ್ ಥ್ರೆಡ್. ಹನ್ನೊಂದೂವರೆ ಬಂದರೆ 5/16 ಬಿ.ಎಸ್.ಎಫ್., ಅದು ಇಂಚಿಗೆ 22. ಹತ್ತೂವರೆ ಚಿಲ್ಲರೆ ಬಂದರೆ ಯು.ಎನ್.ಎಫ್., ಇಂಚಿಗೆ 24. ಹನ್ನೆರಡೂವರೆ ಬಂದರೆ ಈಗಿನ ಮಾಮೂಲಿ 8 ಎಂ.ಎಂ. ಬೋಲ್ಟ್, ಹಿಂದೆ ಯಾರೋ ತುರುಕಿದ್ದು. ಎಲ್ಲದರ ವ್ಯಾಸವೂ ಎಂಟರ ಆಸುಪಾಸು, ಹಾಗಾಗಿ ವರ್ನಿಯರ್ ಒಂದನ್ನೇ ನಂಬಬೇಡಿ. ಕೈಯಲ್ಲಿ ಪೂರ್ತಿ ಒಳಗೆ ಹೋಗದ ಬೋಲ್ಟಿಗೆ ಸ್ಪ್ಯಾನರ್ ಹಾಕಬೇಡಿ. ಹುಡುಗ ಹೇಳಿದರೆ ಕೇಳಿ.

ಆ ಬಿ.ಎಸ್.ಎಫ್. ಡಬ್ಬ ಇನ್ನೂ ಇದೆ, ಚಾಸಿಗೆ ಒಂದೆರಡು ಬಳಕೆಗೆ ಬಂದಾವು. ನಿನ್ನೆ ಸ್ನೇಹಿತರ ಫೋನಿಂದ ಅವನ ಜಾಹೀರಾತು ನೋಡಿದೆ. ಅದೇ ಫೋಟೋ, ಅದೇ "ಟಿ.ಡಿ. ಸಂಪ್ ಬೋಲ್ಟ್ ಸೆಟ್, ಒರಿಜಿನಲ್ ಥ್ರೆಡ್." ಈಗ 5,200.