ಹತ್ತು ವರ್ಷ ಗ್ರಾಮ ಪಂಚಾಯಿತಿಯ ಸೇವೆ ಬಳಸಿದ ಮೇಲೆ

ತಂದೆಯವರ ಕಾಲಾನಂತರ ಹಳ್ಳಿಯ ಮನೆಯ ಖಾತೆ ನನ್ನ ಹೆಸರಿಗೆ ಬಂದಂದಿನಿಂದ, ಅಂದರೆ ಸುಮಾರು ಹತ್ತು ವರ್ಷಗಳಿಂದ, ನಾನು ಕರ್ನಾಟಕದ ಒಂದು ಗ್ರಾಮ ಪಂಚಾಯಿತಿಯ ಸೇವೆಗಳನ್ನು ಬಳಸುತ್ತಿದ್ದೇನೆ. ಐದಕ್ಕೆ ಮೂರು ಅಂಕ ಕೊಡುತ್ತೇನೆ. ಕೈಗೆ ರಸೀದಿ ಬರುವ ಕೆಲಸಗಳಿಗೆ ನಾಲ್ಕು, ಬಾಯಿಮಾತಿನಲ್ಲಿ ಸಾಗುವ ಕೆಲಸಗಳಿಗೆ ಎರಡು ಎಂದು ಲೆಕ್ಕ ಹಾಕಿದರೆ ಅಷ್ಟೇ ಬರುತ್ತದೆ.

ಈ ವ್ಯತ್ಯಾಸ ನನಗೆ ಅರ್ಥವಾದದ್ದು ಪಂಚಾಯಿತಿ ವ್ಯಾಪ್ತಿಯ ಆಸ್ತಿಗಳ ದಾಖಲೆ ಇಡುವ ಇ–ಸ್ವತ್ತು ತಂತ್ರಾಂಶದ ವಿಷಯದಲ್ಲಿ. ಮನೆಯನ್ನು ಮಾರುವುದಕ್ಕಾಗಲಿ ಅದರ ಮೇಲೆ ಸಾಲ ಪಡೆಯುವುದಕ್ಕಾಗಲಿ ಆಗ ಅದರಿಂದ ಬರುವ ಫಾರಂ 9 ಮತ್ತು ಫಾರಂ 11 ಎಂಬ ಆಸ್ತಿ ದಾಖಲೆಗಳು ಬೇಕಾಗುತ್ತಿದ್ದವು. ನನ್ನ ಫಾರಂ 9ರ ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕೂ ದಿಕ್ಕಿನ ಎಲ್ಲೆಯ ವಿವರದಲ್ಲಿ, ಪೂರ್ವಕ್ಕಿರಬೇಕಾದ ರಸ್ತೆ ಪಶ್ಚಿಮಕ್ಕೆ ಹೋಗಿ ಕುಳಿತಿತ್ತು. ಸರಿಪಡಿಸಿಕೊಡಿ ಎಂದು ನಾಲ್ಕು ತಿಂಗಳು ಅಲೆದೆ. ಒಮ್ಮೆ ಸರ್ವರ್ ಇರಲಿಲ್ಲ, ಒಮ್ಮೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ತಾಲ್ಲೂಕು ಪಂಚಾಯಿತಿಯ ಸಭೆಗೆ ಹೋಗಿದ್ದರು, ಇನ್ನೊಮ್ಮೆ ಪಿಡಿಒ ಇದ್ದರೂ ಡಿಜಿಟಲ್ ಸಹಿಯ ಕೀ ಇರಲಿಲ್ಲ. ಕೊನೆಗೆ ಜಗಲಿಯ ಬೆಂಚಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು, "ಅಲ್ಲಪ್ಪಾ, ಅರ್ಜಿ ಕೊಟ್ಟಿದ್ದೀಯೋ, ಬರೀ ಹೇಳಿದ್ದೀಯೋ?" ಎಂದು ಕೇಳಿದರು. ನಾನು ಬರೀ ಹೇಳಿದ್ದೆ. ಅಂದೇ ಎರಡು ಪ್ರತಿ ಅರ್ಜಿ ಬರೆದು, ಒಂದರ ಮೇಲೆ ಮೊಹರು ಮತ್ತು ತಾರೀಖು ಹಾಕಿಸಿಕೊಂಡು ಬಂದೆ. ಮೂರು ವಾರದಲ್ಲಿ ರಸ್ತೆ ಪೂರ್ವಕ್ಕೆ ಮರಳಿತು.

ಗಡುವಿನೊಳಗೆ ಸೇವೆ ಕೊಡಬೇಕೆನ್ನುವ ಸಕಾಲ ಯೋಜನೆಯ ವ್ಯಾಪ್ತಿಯಲ್ಲಿರುವ ಸೇವೆಗಳಿಗೆ ಇಷ್ಟು ಕಷ್ಟವಿಲ್ಲ. 2011ರ ಕಾಯ್ದೆಯ ಪ್ರಕಾರ ಅರ್ಜಿ ಕೊಟ್ಟ ಕೂಡಲೇ ಒಂದು ಸಂಖ್ಯೆ ಸಿಗಬೇಕು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಯವರೆಗೆ ಪರಿಹಾರ ಕೇಳಬಹುದು. ಪರಿಹಾರವನ್ನು ನಾನೆಂದೂ ಕೇಳಿಲ್ಲ, ಆದರೆ ಆ ಸಂಖ್ಯೆಯನ್ನು ಹಿಡಿದು ಮಾತನಾಡಿದಾಗ ಎದುರಿನವರ ದನಿ ಬದಲಾಗುವುದನ್ನು ಕೇಳಿದ್ದೇನೆ. ಪಹಣಿ, ಆದಾಯ ಪ್ರಮಾಣಪತ್ರ ಮುಂತಾದವಕ್ಕೆ ಪಂಚಾಯಿತಿಯಲ್ಲೇ ಬಾಪೂಜಿ ಸೇವಾ ಕೇಂದ್ರ ಬಂದ ಮೇಲೆ ನಾಡಕಚೇರಿಯ ಓಡಾಟ ತಪ್ಪಿದೆ. ಬೀದಿದೀಪದ ವಿಷಯ ಕೇಳಬೇಡಿ: ನೀರುಗಂಟಿಗೆ ಹೇಳಿ, ಸದಸ್ಯರಿಗೆ ಹೇಳಿ, ಹಬ್ಬ ಬರುವವರೆಗೆ ಕಾಯುವುದೇ ಅದರ ಪದ್ಧತಿ.

ಹೆಚ್ಚಿನವರು ಬಳಸದೆ ಬಿಡುವ ಸೇವೆಯೆಂದರೆ ಗ್ರಾಮಸಭೆ. ಆರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು, ಅದಕ್ಕೂ ಮುನ್ನ ವಾರ್ಡ್ ಸಭೆ ನಡೆಯಬೇಕು ಎಂದು ಕಾನೂನೇ ಹೇಳುತ್ತದೆ. ಸಭೆಗೆ ಹೋಗಲು ಶುರುಮಾಡಿದ ಮೊದಲ ವರ್ಷ ನಾನು ಎದ್ದು ನಿಂತು ನಮ್ಮ ಬೀದಿಗೆ ಕಾಂಕ್ರೀಟ್ ರಸ್ತೆಯೂ ಚರಂಡಿಯೂ ಬೇಕೆಂದು ಕೇಳಿದೆ, ಎಲ್ಲರೂ ತಲೆಯಾಡಿಸಿದರು. ಮುಂದಿನ ಸಭೆಯಲ್ಲಿ ನಡಾವಳಿ ಪುಸ್ತಕ ತೆರೆಸಿ ನೋಡಿದರೆ ನನ್ನ ಮಾತಿನ ಸುಳಿವೇ ಇರಲಿಲ್ಲ. "ಮೇಡಂ, ಇದನ್ನು ಈಗಲೇ ಬರೆದು ಒಮ್ಮೆ ಓದಿಬಿಡಿ" ಎಂದು ಪಿಡಿಒ ಅವರನ್ನು ಕೇಳಿಕೊಂಡೆ. ಅವರು ಬರೆದುಕೊಂಡರು, ಜೊತೆಗೆ ಉಪಯುಕ್ತವಾದ ಮಾತೊಂದನ್ನೂ ಹೇಳಿದರು: ಆಗ ಕೇಂದ್ರದಿಂದ ಬರುತ್ತಿದ್ದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು, ಆದ್ದರಿಂದ ರಸ್ತೆಯನ್ನು ಬಿಟ್ಟು ಚರಂಡಿಯನ್ನಷ್ಟೇ ಕೇಳಿದರೆ ಕ್ರಿಯಾ ಯೋಜನೆಯಲ್ಲಿ ಬೇಗ ಸೇರುತ್ತದೆ. ಹಾಗೆಯೇ ಆಯಿತು.

ಚರಂಡಿ ಮುಗಿದ ವರ್ಷ ಜಮಾಬಂದಿಗೂ ಹೋದೆ. ಹಿಂದಿನ ಸಾಲಿನ ಲೆಕ್ಕಪತ್ರಗಳನ್ನೂ ಕಾಮಗಾರಿಗಳನ್ನೂ ಹೊರಗಿನ ಅಧಿಕಾರಿಯೊಬ್ಬರು ಊರಿನವರ ಎದುರಿನಲ್ಲೇ ತಪಾಸಣೆ ಮಾಡುವ ವಾರ್ಷಿಕ ಕ್ರಮವಿದು; ಆದರೆ ಅದರ ಸೂಚನೆಯನ್ನು ಫಲಕಕ್ಕೆ ಅಂಟಿಸಿದ್ದು ಹಿಂದಿನ ದಿನ ಸಂಜೆ, ಬಂದಿದ್ದ ನಾಗರಿಕರು ಹನ್ನೊಂದು ಮಂದಿ. ಅಳತೆ ಪುಸ್ತಕದಲ್ಲಿ ಚರಂಡಿಯ ಉದ್ದ 120 ಮೀಟರ್ ಎಂದಿತ್ತು. ಟೇಪು ಹಿಡಿದು ಎಲ್ಲರೂ ಬೀದಿಗೆ ನಡೆದೆವು. ಅದು 104ಕ್ಕೆ ನಿಂತಿತು. ಅಧಿಕಾರಿ ಏನೂ ಮಾತನಾಡದೆ ವರದಿಯಲ್ಲಿ ಬರೆದುಕೊಂಡರು. ಉಳಿದ ಹದಿನಾರು ಮೀಟರ್ ಮುಂದಿನ ಬೇಸಿಗೆಯಲ್ಲಿ ಕಟ್ಟಿದರು, ಅಷ್ಟು ಭಾಗದ ಸಿಮೆಂಟಿನ ಬಣ್ಣ ಇಂದಿಗೂ ಬೇರೆಯಾಗಿ ಕಾಣುತ್ತದೆ.